ಚಿತ್ರದಲ್ಲಿ ಸ್ವರ್ಗ, ಅಕ್ಷರದಲ್ಲಿ ಹೊಲ

ನಮ್ಮೂರ ಹನುಮಪ್ಪನ ಗುಡಿಯ ಎಡಮಗ್ಗುಲಿಗೆ ಒಂದು ವೀರಗಲ್ಲಿದೆ. ಹಾನಗಲ್ಲ ಸೀಮೆಯಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಕೆರೆಯ ಏರಿ, ಗುಡಿಯಂಗಳ, ಹೊಲದ ಬದು ಎಂದು ಎಲ್ಲೆಂದರಲ್ಲಿ ಅವು ನಿಂತಿವೆ, ಒರಗಿವೆ, ಕೆಲವು ಮಕಾಡೆ ಬಿದ್ದು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ನಾವು ಹುಡುಗರು ನಮ್ಮೂರ ಕಲ್ಲಿಗೆ ಸೈಕಲ್ ಒರಗಿಸುತ್ತಿದ್ದೆವು. ಅಮಾವಾಸ್ಯೆಗೆ ಯಾರೋ ಎಣ್ಣೆ ಹಚ್ಚಿ ಹೋಗುತ್ತಿದ್ದರು. ನಾನು ಪಿಯುಸಿ ಓದುವಾಗ ಗುಡಿಯ ಜೀರ್ಣೋದ್ಧಾರ ನಡೆಯಿತು. ಕಲ್ಲು ವಾಲಬಾರದೆಂದು ಅದರ ಬುಡಕ್ಕೆ ಮೊಣಕಾಲೆತ್ತರ ಕಾಂಕ್ರೀಟು ಸುರಿದರು. ಅಂದಿನಿಂದ ಅದು ಗಟ್ಟಿಯಾಗಿ ನಿಂತಿದೆ.

2023ರ ಜುಲೈ 26, ಕಾರ್ಗಿಲ್ ವಿಜಯ ದಿವಸ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಅಗ್ನಿವೀರರಾಗಿ ಆಯ್ಕೆಯಾದ ಮೂವರು ಹುಡುಗರಿಗೆ ಸನ್ಮಾನವಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ದೇಶಭಕ್ತಿಯ ಹಾಡಿಗೆ ಹುಡುಗಿಯರ ನೃತ್ಯ. ಇತಿಹಾಸದ ಮೇಷ್ಟ್ರು ಎಂಬ ಕಾರಣಕ್ಕೆ ನನಗೂ ಹತ್ತು ನಿಮಿಷ ಕೊಟ್ಟಿದ್ದರು. ನಾನು ನಮ್ಮೂರ ವೀರಗಲ್ಲನ್ನೇ ಹಿಡಿದುಕೊಂಡೆ. ವೀರನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಮೇಲಕ್ಕೊಯ್ಯುವುದು, ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುವುದು, ಮೇಲೆ ಸೂರ್ಯ ಚಂದ್ರರು. ಅವರಿರುವ ತನಕ ಅವನ ಕೀರ್ತಿಯೂ ಇರುತ್ತದೆ ಎಂದೆ. ಈ ನೆಲದಲ್ಲಿ ಸೈನಿಕನಿಗೆ ಸಾವಿಲ್ಲ ಎಂದೂ ಹೇಳಿದೆ. ಒಳ್ಳೆಯ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ಕಂಡು ಆಗ ನನಗೆ ಖುಷಿಯಾಗಿತ್ತು ಎಂಬುದನ್ನು ಈಗ ಬರೆಯಲು ಸಂಕೋಚವಾಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಮೂವರಲ್ಲಿ ಒಬ್ಬ ಬಂದ. ನಮ್ಮೂರಿನವನೇ. ಕೈಯಲ್ಲಿ ಹಾರ ಸುತ್ತಿ ಹಿಡಿದುಕೊಂಡಿದ್ದ. "ಸರ, ಆ ಕಲ್ಲಿನ ಮ್ಯಾಲ ಅಕ್ಷರ ಅದಾವಲ್ರೀ, ಅವೇನ್ ಹೇಳ್ತಾವು?" ಎಂದ.

ಉತ್ತರ ನನಗೆ ಗೊತ್ತಿರಬೇಕಿತ್ತು. ನಮ್ಮೂರ ಕಲ್ಲಿನ ಅಕ್ಷರಗಳು ಎಣ್ಣೆ ಕುಡಿದು ಅಳಿಸಿವೆ, ಓದಲು ಬರುವುದು ಅಲ್ಲೊಂದು ಇಲ್ಲೊಂದು. ಆದರೆ ಇಂಥ ಕಲ್ಲುಗಳ ಶಾಸನ ಸಾಮಾನ್ಯವಾಗಿ ಏನು ಹೇಳುತ್ತದೆ ಎಂದು ನಾನು ವರ್ಷಾವರ್ಷ ಪಾಠ ಮಾಡುತ್ತೇನೆ. ಯಾರ ಆಳ್ವಿಕೆ, ಯಾವ ಜಗಳ, ಸತ್ತವನು ಯಾರು, ಕೊನೆಗೆ ಅವನ ಮನೆಯವರಿಗೆ ಎಷ್ಟು ಭೂಮಿ ಕೊಟ್ಟರು. ಹತ್ತು ನಿಮಿಷ ಮಾತಾಡಿದ ನಾನು ಚಿತ್ರವನ್ನಷ್ಟೇ ಓದಿದ್ದೆ, ಅಕ್ಷರವನ್ನು ಬಿಟ್ಟಿದ್ದೆ.

ಅಕ್ಷರದ ಕತೆಯನ್ನು ಬೆಂಗಳೂರಿನಿಂದಲೇ ಶುರು ಮಾಡುತ್ತೇನೆ. ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿರಿಸಿದ ಕಲ್ಲೊಂದಿದೆ, ಸುಮಾರು ಕ್ರಿ.ಶ. 900ರ ಆಸುಪಾಸಿನದು. ಆನೆ, ಕುದುರೆ, ಬಿಲ್ಲು, ಗುರಾಣಿಗಳಿಂದ ಕಿಕ್ಕಿರಿದ ಯುದ್ಧದ ಚಿತ್ರ. ನೋಡುವವರೆಲ್ಲ ಅದನ್ನೇ ನೋಡುತ್ತಾರೆ. ಬರೆದಿರುವುದು ಇಷ್ಟು: ಗಂಗರ ಎರೆಯಪ್ಪನ ಪರವಾಗಿ ನಾಗತ್ತರನೆಂಬ ಅಧಿಕಾರಿ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಮೇಲೆ ಕಾದಿ ಸತ್ತ. ಅದನ್ನು ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಮುಂದೆ ಆ ಊರುಗಳ ಹೆಸರಿನ ಪಟ್ಟಿ. ಯುದ್ಧಕ್ಕೆ ಒಂದೆರಡು ಮಾತು, ಊರುಗಳಿಗೆ ಒಂದೊಂದಾಗಿ ಲೆಕ್ಕ.

ಅದೇ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಇನ್ನೂ ವಿಚಿತ್ರದ್ದು. ನನಗೆ ಅದರ ಮೇಲೆ ವಿಶೇಷ ಪ್ರೀತಿ. ಕ್ರಿ.ಶ. 949-50ರ ಸುಮಾರಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಚೋಳರ ರಾಜಾದಿತ್ಯನೂ ತಕ್ಕೋಲದಲ್ಲಿ ಸೆಣಸಿದರು. ದಕ್ಷಿಣ ಭಾರತದ ದೊಡ್ಡ ಯುದ್ಧಗಳಲ್ಲೊಂದು. ರಾಜಾದಿತ್ಯನನ್ನು ಕೊಂದವನು ಕೃಷ್ಣನ ಕಡೆಯ ಗಂಗ ಅರಸು ಬೂತುಗ. ಅದಕ್ಕೆ ಅವನಿಗೆ ಸಿಕ್ಕದ್ದು ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು. ಬೂತುಗನ ಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಕಾಳಗಕ್ಕೆ ಮೆಚ್ಚಿ ಬೂತುಗ 'ಏನು ಬೇಕೋ ಕೇಳು' ಎಂದ. ಮಣಲೆರ ಕೇಳಿದ್ದು ಒಂದು ನಾಯಿ, ಬೂತುಗನ ಬೇಟೆನಾಯಿ ಕಾಳಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ಕೆತ್ತಿರುವುದು ಸಾಮ್ರಾಟರನ್ನಲ್ಲ, ತಕ್ಕೋಲವನ್ನಲ್ಲ. ಒಂದು ನಾಯಿ, ಒಂದು ಹಂದಿ. ಇಡೀ ಯುದ್ಧ ಅಕ್ಷರಕ್ಕಿಳಿದಿದೆ, ಚಿತ್ರದ ಗೌರವ ನಾಯಿಗೆ. ಅದರ ಕಲ್ಲಿನ ಪೂಜೆಗೂ ಭೂಮಿ ಬಿಟ್ಟರು. ಮಣಲೆರ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನೇ ಆದರೂ, ಅವನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ ಬಂತು.

ಈ ಬಾಳ್ಗಚ್ಚು ಎಂಬ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದದ್ದಕ್ಕೆ ಕೊಟ್ಟ ಭೂಮಿ. ಸತ್ತವನ ಮನೆಯವರಿಗೆ ಕೊಟ್ಟರೆ ನೆತ್ತರುಗೊಡಗೆ, ರಕ್ತಕ್ಕೆ ಕೊಟ್ಟ ಕೊಡುಗೆ. ಹಳಗನ್ನಡ ಇಂಥ ವಿಷಯದಲ್ಲಿ ನಾಚಿಕೊಳ್ಳುವ ಭಾಷೆಯಲ್ಲ. ರಕ್ತಕ್ಕೆ ಬೆಲೆಯಿದೆ, ಬೆಲೆ ಇಂತಿಷ್ಟು, ಕೊಟ್ಟಾಯಿತು ಎಂದು ನಾಲ್ಕು ಜನ ಓಡಾಡುವ ಕಡೆ ಕೆತ್ತಿ ನಿಲ್ಲಿಸುತ್ತಿತ್ತು. ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕವೂ ಇದೆ. ಗೆದ್ದವನಿಗೆ ಲಕ್ಷ್ಮಿ, ಸತ್ತವನಿಗೆ ಸುರಾಂಗನೆ, ಹೇಗೂ ಅಳಿಯುವ ದೇಹಕ್ಕೆ ರಣದಲ್ಲಿ ಚಿಂತೆಯೇಕೆ ಎಂಬ ಅರ್ಥದ್ದು. ನಾವು ಭಾಷಣದವರು ಸುರಾಂಗನೆಯನ್ನು ಹಿಡಿದುಕೊಳ್ಳುತ್ತೇವೆ. ಶ್ಲೋಕ ಮೊದಲು ಹೆಸರಿಸುವುದು ಲಕ್ಷ್ಮಿಯನ್ನು.

ಹಾಗೆಂದು ಎಲ್ಲ ವೀರಗಲ್ಲುಗಳೂ ಅರಸರ ಯುದ್ಧದವಲ್ಲ. ಬಹಳಷ್ಟು ಕಲ್ಲುಗಳಲ್ಲಿರುವುದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗುವ ಕಳ್ಳರೊಡನೆ ಕಾದಿ ಸತ್ತವರ ಕತೆ. ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳೂ ಬರುತ್ತವೆ; ಊರು ಹಾಳಾಗುವಾಗ, ಹೆಂಗಸರ ಮೇಲೆ ಕೈಹಾಕಿದಾಗ ಅಡ್ಡ ನಿಂತವರು. ಇವರು ಯಾವ ದಂಡಿಗೂ ಸೇರಿದವರಲ್ಲ. ಅವರಿಗೆ ಯಾರೂ ಭಾಷಣ ಮಾಡಿ ಕಳಿಸಿರಲಾರರು. ಕೊಟ್ಟಿಗೆಯ ದನ ಹೋದರೆ ಬದುಕು ಹೋಯಿತು ಎಂದು ತಿಳಿದು ಎದ್ದು ಓಡಿದವರು. ಅವರ ಹೆಂಡಂದಿರ ಕತೆ ಬೇರೆ ಕಲ್ಲಿನಲ್ಲಿರುತ್ತದೆ. ಬಳೆ ತೊಟ್ಟ ಒಂದು ಕೈ ಮೇಲಕ್ಕೆತ್ತಿದ ಮಾಸ್ತಿಕಲ್ಲು. ಆ ಕೈಯ ಮುಂದೆ ಸ್ವರ್ಗದ ಬಗ್ಗೆ ಮಾತಾಡಲು ನನಗೆ ಯಾವತ್ತೂ ಧೈರ್ಯವಾಗಿಲ್ಲ.

ದಂಡಿಗೆ ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ಕನ್ನಡ ಬಹಳ ಹಿಂದೆಯೇ ಒಂದು ಶಬ್ದ ಕೊಟ್ಟಿದೆ: ಜೋಳವಾಳಿ. ಒಡೆಯನ ಜೋಳ ಉಂಡದ್ದಕ್ಕೆ ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸುವ ಕಟ್ಟು. ಅನ್ನದ ಋಣ, ಉಪ್ಪಿನ ಋಣ ಎಂದು ನಾವು ಈಗಲೂ ಆಡುತ್ತೇವಲ್ಲ, ಅದರ ಹಿರಿಯಣ್ಣ ಇದು. ಅದರ ಜೊತೆಗೆ ವೇಳೆವಾಳಿ ಎಂಬ ಇನ್ನೊಂದಿತ್ತು. ಒಡೆಯ ಸತ್ತರೆ ತಾನೂ ಸಾಯುವೆನೆಂಬ ಮುಂಗಡ ಪ್ರತಿಜ್ಞೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಓದಿದವರಿಗೆ ಈ ಲೋಕ ಪರಿಚಿತ. ವೇಳೆವಾಳಿಯ ತುತ್ತತುದಿಯನ್ನು ನೋಡಬೇಕೆಂದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರಲಕ್ಷ್ಮನ ಕಂಬವಿದೆ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ಗರುಡನಾದ ದಂಡನಾಯಕ ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಅವನ ಆಳುಗಳು ಪ್ರಾಣ ಬಿಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರ ಸಾಲು ಶಿಲ್ಪಗಳಿವೆ. ಪ್ರವಾಸಕ್ಕೆ ಕರೆದೊಯ್ದ ವಿದ್ಯಾರ್ಥಿಗಳು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದೇನೆಂದು ಹೇಳಿದ ಮೇಲೆ ಕೆಲವರು ಅಳಿಸುತ್ತಾರೆ. ಕುವರಲಕ್ಷ್ಮನನ್ನು ಅರಸ ಮಗನಂತೆ ಸಾಕಿದ್ದನಂತೆ, ಅವನ ಋಣ ನನಗೆ ಅರ್ಥವಾಗುತ್ತದೆ. ಅವನ ಹಿಂದೆ ಹೋದ ಆಳುಗಳದ್ದು ಯಾರ ಋಣ, ಎಷ್ಟು ಸೇರು ಜೋಳದ್ದು, ಅದನ್ನು ಕಂಬ ಹೇಳುವುದಿಲ್ಲ.

ಭೂಮಿಗೂ ದಂಡಿಗೂ ಇರುವ ಈ ನಂಟು ಅರಸರ ಜೊತೆಗೇ ಮುಗಿದುಹೋಗಲಿಲ್ಲ. ಕೊಡಗಿನ ಜಮ್ಮಾ ಭೂಮಿ ಕರೆ ಬಂದಾಗ ಅರಸನ ದಂಡಿಗೆ ಹೋಗುವ ಹೊಣೆಯೊಂದಿಗೆ ಮನೆತನಗಳಿಗೆ ಬಂದದ್ದು. ಕಾರ್ಯಪ್ಪ, ತಿಮ್ಮಯ್ಯ ಎಂದಾಗ ನಾವು ಕೊಡಗಿನವರ ರಕ್ತದಲ್ಲೇ ಶೌರ್ಯವಿದೆ ಎನ್ನುತ್ತೇವೆ. ರಕ್ತದ ಮಾತು ಬಿಡಿ, ಅದನ್ನು ಅಳೆಯುವ ಸೇರು ನನ್ನ ಬಳಿಯಿಲ್ಲ. ಜಮ್ಮಾದ ಪಹಣಿಯನ್ನು ಮಾತ್ರ ಇವತ್ತಿಗೂ ನೋಡಬಹುದು.

ಬ್ರಿಟಿಷರ ಕಾಲಕ್ಕೆ ಬಂದರೆ ಲೆಕ್ಕವೇ ಬೇರೆ. ಮೊದಲ ಮಹಾಯುದ್ಧಕ್ಕೆ ಹಿಂದೂಸ್ತಾನದಿಂದ ಸೇರಿದವರು 13 ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 74,000. ಯುದ್ಧ ಶುರುವಾದಾಗ ಕಾಲಾಳು ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಪಂಜಾಬಿನಲ್ಲಿ ಕಾಲುವೆ ನೀರಿನ ಭೂಮಿಯ ಆಸೆ ತೋರಿಸಿದರು. ಆಸೆ ಸಾಲದಾದಾಗ ಜಿಲ್ಲೆಗಿಷ್ಟು ತಲೆ ಎಂದು ಒತ್ತಾಯಕ್ಕಿಳಿದರು. ಈಗ ಪಾಕಿಸ್ತಾನದಲ್ಲಿರುವ ದುಲ್ಮಿಯಾಲ್ ಎಂಬ ಒಂದೇ ಹಳ್ಳಿಯಿಂದ 460 ಜನ ಹೋದರು. ಅದಕ್ಕೆ ಮೆಚ್ಚಿ ಸರಕಾರ ಆ ಹಳ್ಳಿಗೆ ಒಂದು ತೋಪು ಕೊಟ್ಟಿತು. ಹಳ್ಳಿಗೆ ತೋಪು! ಬೆಂಪೂರಿನವರಿಗೆ ಹನ್ನೆರಡು ಊರು ಸಿಕ್ಕದ್ದು ನೆನೆದು ನಾನು ಒಮ್ಮೆ ಕ್ಲಾಸಿನಲ್ಲಿ ನಕ್ಕಿದ್ದೆ, ಹುಡುಗರು ನಗಲಿಲ್ಲ.

1918ರಲ್ಲಿ ಗಾಂಧೀಜಿಯೇ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಊರೂರು ತಿರುಗಿದರು ಎಂಬುದು ನನ್ನ ಅರ್ಧ ವಿದ್ಯಾರ್ಥಿಗಳಿಗೆ ನಂಬಲಾಗದ ಸಂಗತಿ. ಅದೇ ವರ್ಷದ ಕಂದಾಯ ಸತ್ಯಾಗ್ರಹದಲ್ಲಿ ಬಿಟ್ಟಿಯಾಗಿ ಚಕ್ಕಡಿ ಕಟ್ಟಿಕೊಟ್ಟಿದ್ದ ಜನ, ಈಗ ಬಾಡಿಗೆಗೂ ಕೊಡಲಿಲ್ಲ. ಅಹಿಂಸೆ ಹೇಳುವ ನೀವೇ ಕೋವಿ ಹಿಡಿಯಿರಿ ಅನ್ನುತ್ತೀರಲ್ಲ, ಈ ಸರಕಾರ ನಮಗೇನು ಮಾಡಿದೆ ಎಂದು ಕೇಳಿದರು. ಅವರು ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ತಿರುಗಿ ತಿರುಗಿ ಕಾಯಿಲೆ ಬಿದ್ದರು. ನೋಡಿ, ಗಾಂಧಿಯಂಥವರ ಮಾತಿಗೂ ಖೇಡಾದ ರೈತ ದಂಡಿಗೆ ಹೊರಡಲಿಲ್ಲ. ಅವನು ಯಾರ ಜೋಳವನ್ನೂ ಉಂಡಿರಲಿಲ್ಲ, ತನ್ನ ಜೋಳಕ್ಕೇ ಕಂದಾಯ ಕಟ್ಟಿ ಸೋತಿದ್ದ.

ಮೈಸೂರಿನವರು ಹೋದರು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದದ್ದು ಈಗ ಎಲ್ಲರಿಗೂ ಗೊತ್ತು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾವನ್ನೂ ಸೇರಿಸಿದರು. ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರು ಎಂಬ ವರ್ಣನೆ ಕೇಳಿದಾಗ ನನಗೂ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ ಆ ಮೂರ್ತಿಗಳಿಗೆ ಮುಖವಿದೆ, ಹೆಸರಿಲ್ಲ. ಬಸ್ರಾದಲ್ಲಿ ಬ್ರಿಟಿಷರು ಕಟ್ಟಿದ ಸ್ಮಾರಕದ ಕತೆ ಇನ್ನೂ ಕಹಿ. ಮೆಸಪೊಟೇಮಿಯಾದಲ್ಲಿ ಸತ್ತ ಅಧಿಕಾರಿಗಳ ಹೆಸರುಗಳನ್ನು ಗೋಡೆಯ ಮೇಲೆ ಬರೆಸಿ, ಹಿಂದೂಸ್ತಾನದ ಸಾಮಾನ್ಯ ಸಿಪಾಯಿಗಳನ್ನು ಇಂಥ ರೆಜಿಮೆಂಟಿನ ಇಷ್ಟು ಜನ ಎಂದು ಸಂಖ್ಯೆಯಲ್ಲಿ ಮುಗಿಸಿದರು. ಆ ಸ್ಮಾರಕಗಳನ್ನು ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಈ ತಾರತಮ್ಯವನ್ನು ಒಪ್ಪಿ ಕ್ಷಮೆ ಕೇಳಿತು.

ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತ ಹಳ್ಳಿಗನಿಗೆ ಒಂದು ಹೆಸರು, ಅವನ ತಂದೆಯ ಹೆಸರು, ಒಂದು ಕಲ್ಲು, ಮನೆಯವರಿಗೆ ಒಂದಿಷ್ಟು ಭೂಮಿ. ಆತಕೂರಿನಲ್ಲಿ ನಾಯಿಗೂ ಹೆಸರು. 1916ರಲ್ಲಿ ಟೈಗ್ರಿಸ್ ದಂಡೆಯಲ್ಲಿ ಸತ್ತವನಿಗೆ ಒಂದು ಅಂಕಿ. ಹೊಗಳಿಕೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಕಲ್ಲು ಇನ್ನೂ ಎತ್ತರವಾಗಿತ್ತು. ಹೊಗಳಿಸಿಕೊಳ್ಳಬೇಕಾದವನು ಮಾತ್ರ ಅದರಲ್ಲಿರಲಿಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಅವತ್ತೇ ಹೇಳಲಾಗಲಿಲ್ಲ. ಸಂಜೆ ಅವನ ಜೊತೆ ಬಸ್‌ಸ್ಟ್ಯಾಂಡಿನ ತನಕ ನಡೆದೆ. ಅಕ್ಷರ ಏನು ಹೇಳುತ್ತದೆ ಎಂದು ಸ್ಥೂಲವಾಗಿ ಹೇಳಿ, "ನೀ ಯಾಕ ಹೊಂಟಿಯಪಾ?" ಎಂದು ಕೇಳಿದೆ. ನಾಲ್ಕು ವರ್ಷ ಪಾಠ ಮಾಡಿದವನು ಹಾರ ಹಾಕಿದ ಮೇಲೆ ಕೇಳಿದ ಪ್ರಶ್ನೆ.

ಅವನ ಬಳಿ ಲೆಕ್ಕ ತಯಾರಿತ್ತು. ಮನೆಗೆ ಎರಡೆಕರೆ ಹದಿನಾಲ್ಕು ಗುಂಟೆ, ಮೂವರು ಅಣ್ಣತಮ್ಮಂದಿರು. ಅಕ್ಕನ ಮದುವೆಯ ಸಾಲ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000, ಕೈಗೆ ಸಿಗುವುದು 21,000. ನಾಲ್ಕು ವರ್ಷ ಮುಗಿದಾಗ ಸೇವಾನಿಧಿ ಎಂದು ಸುಮಾರು 11.71 ಲಕ್ಷ. ನಾಲ್ವರಲ್ಲಿ ಒಬ್ಬನನ್ನು ಮುಂದುವರಿಸಬಹುದು, ಉಳಿದ ಮೂವರು ಮನೆಗೆ. ಪಿಂಚಣಿ ಇಲ್ಲ. ಸೇವೆಯಲ್ಲಿ ಸತ್ತರೆ 48 ಲಕ್ಷದ ವಿಮೆ. ಆ ಕೊನೆಯ ಅಂಕಿಯನ್ನು ಅವನು ಉಳಿದವುಗಳ ಹಾಗೆಯೇ ಹೇಳಿದ, ದನಿ ಒಂದಿಷ್ಟೂ ಬದಲಾಗಲಿಲ್ಲ. ನನಗೆ ನೆತ್ತರುಗೊಡಗೆ ನೆನಪಾಯಿತು. ಅವನಿಗೆ ಹೇಳಲಿಲ್ಲ. 2022ರ ಜೂನಿನಲ್ಲಿ ಈ ಯೋಜನೆ ಪ್ರಕಟವಾದಾಗ ಬಿಹಾರದಲ್ಲಿ ರೈಲು ಸುಟ್ಟವರು, ಸಿಕಂದರಾಬಾದ್ ನಿಲ್ದಾಣದಲ್ಲಿ ಗೋಲಿಬಾರಿಗೆ ಸಿಕ್ಕವರು ಯಾರು? ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡಿ ಭರ್ತಿಗೆ ಕಾದಿದ್ದ ಹುಡುಗರೇ. ಟಿವಿಯಲ್ಲಿ ಆಗ ಅವರಿಗೆ ದೇಶಭಕ್ತಿಯ ಪಾಠ ಹೇಳಿದವರಲ್ಲಿ ಯಾರೂ 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದವರಂತೆ ಕಾಣಲಿಲ್ಲ.

"ಅಂದ್ರ ರೊಕ್ಕಕ್ಕಾಗಿ ಹೊಂಟಿ ಅನ್ನು," ಎಂದೆ. ಹೀಗೆ ಕೇಳಿದ್ದು ಒರಟಾಯಿತು.

ಅವನು ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ಹೇಳಿದ: "ರೊಕ್ಕ ಒಂದ ಅಲ್ರೀ ಸರ. ನಮ್ಮಪ್ಪ ಇವತ್ತಿಗೂ ಗೌಡ್ರ ಮನಿ ಕಟ್ಟಿ ಕೆಳಗ ನಿಂತ ಮಾತಾಡ್ತಾನ. ಓಣ್ಯಾಗಿನ ಒಬ್ಬ ಮಿಲಿಟ್ರಿಗೆ ಹೋಗಿ ಬಂದಾನ, ಅವಂಗ ಕಟ್ಟಿ ಮ್ಯಾಲ ಕುರ್ಚಿ ಹಾಕ್ತಾರ. ಇವತ್ತ ನೀವು ನಮ್ಮಪ್ಪಂಗ ಸ್ಟೇಜ್ ಮ್ಯಾಲ ಕರದ್ರಿ ನೋಡ್ರಿ, ಅಂವ ಕುರ್ಚ್ಯಾಗ ತುದೀಗೆ ಕುಂತಿದ್ದ. ನನಗ ಅದ ಸಾಕು ಅನಿಸ್ತು."

ನಾನು ಕಟ್ಟಿಕೊಂಡಿದ್ದ ವಾದದ ಒಂದು ಗೋಡೆ ಅಲ್ಲೇ ಕುಸಿಯಿತು. ಚಿತ್ರ ಮೋಸ, ಅಕ್ಷರ ಸತ್ಯ ಎಂದು ನಾನು ಸುಲಭವಾಗಿ ಭಾಗ ಮಾಡಿಟ್ಟಿದ್ದೆ. ಹೊಲವಿಲ್ಲದವನಿಗೆ ಹೊಲ ಎಷ್ಟು ಕೂಲಿಯೋ, ಹೆಸರಿಲ್ಲದವನಿಗೆ ಹೆಸರೂ ಅಷ್ಟೇ ಕೂಲಿ. ವೀರಗಲ್ಲುಗಳಲ್ಲಿ ಸ್ವರ್ಗಕ್ಕೆ ಹೋಗುತ್ತಿರುವ ಎಷ್ಟೋ ಆಳುಗಳು ಬದುಕಿದ್ದಾಗ ಗುಡಿಯೊಳಗೆ ಲಿಂಗದ ಮುಂದೆ ಕೂರಲು ಆಗುತ್ತಿತ್ತೋ ಇಲ್ಲವೋ. ಕಲ್ಲಿನ ಮೇಲೆ ಕೂತಿದ್ದಾರೆ. ಸಭೆಯ ಚಪ್ಪಾಳೆ ನನಗೆ ಅಲಂಕಾರ, ಅವನ ಅಪ್ಪನಿಗೆ ಒಂದು ಕುರ್ಚಿ. ಆದರೂ ನನ್ನ ಭಾಷಣ ನನ್ನನ್ನು ಚುಚ್ಚುವುದು ನಿಂತಿಲ್ಲ. ಕುರ್ಚಿ ಕೊಡಲು ಹುಡುಗ ದಂಡಿಗೇ ಹೋಗಬೇಕಾಯಿತಲ್ಲ ಎಂಬ ಮಾತನ್ನು ಆ ವೇದಿಕೆಯಲ್ಲಿ ನಾನಾಗಲಿ ಇನ್ನೊಬ್ಬರಾಗಲಿ ಆಡಲಿಲ್ಲ. ಕಾಲೇಜಿನ ಅಂಗಳದಲ್ಲಿ ಅವನ ಅಪ್ಪ ಅದಕ್ಕೂ ಮೊದಲು ಎರಡು ಸಲ ಬಂದಿದ್ದನಂತೆ, ಫೀ ಕಟ್ಟಲು. ಆಗ ಅವನನ್ನು ಕೂರಿಸಿದವರಿಲ್ಲ.

ಮೊನ್ನೆ ಅವನು ರಜೆಗೆ ಬಂದಿದ್ದ. ಭುಜ ತುಂಬಿಕೊಂಡಿದೆ, ಮಾತಿನಲ್ಲಿ ಹಿಂದಿ ಸೇರಿದೆ. ಇಬ್ಬರೂ ಗುಡಿಗೆ ಹೋದೆವು. ನಾನು ಒಂದು ಬಾಟಲಿ ನೀರು, ಮೆತ್ತನೆಯ ಬ್ರಷ್ಷು ಒಯ್ದಿದ್ದೆ. ಎಣ್ಣೆಯ ಜಿಡ್ಡು ಸ್ವಲ್ಪ ಬಿಟ್ಟಿತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಬುಡದ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ಅಪ್ಸರೆಯರು, ತುದಿಯಲ್ಲಿ ಸ್ವರ್ಗ ಎಂದು ತೋರಿಸುತ್ತಾ ಕೈ ಕೆಳಗಿಳಿಸಿದೆ. ಕೈ ಕಾಂಕ್ರೀಟಿಗೆ ಬಡಿಯಿತು. ಇಷ್ಟು ವರ್ಷ ನೋಡಿದ ಕಲ್ಲು. ಅದರಲ್ಲಿ ಕಾಳಗವೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗ. ಸಾಯುವ ಪಟ್ಟಿಕೆ ಸಿಮೆಂಟಿನೊಳಗಿದೆ. ಅದರ ಮೇಲಿನ ಅಕ್ಷರದ ಸಾಲು ಅರ್ಧ ಹೊರಗೆ, ಅರ್ಧ ಒಳಗೆ.

ಅವನು ಮೊಣಕಾಲೂರಿ ಕೂತು ಸಿಮೆಂಟಿನ ಅಂಚಿಗೆ ಬೆರಳು ಆಡಿಸಿದ. "ಎಷ್ಟು ಭೂಮಿ ಕೊಟ್ಟಿದ್ರು ಅನ್ನೂದು ಇದರ ಒಳಗ ಐತೇನ್ರೀ ಸರ?"

"ಇರಬೇಕು," ಎಂದೆ.

ಕಟ್ಟೆಯ ಮೇಲೆ ಕೂತಿದ್ದ ಪೂಜಾರಿ, ಬುಡ ಮುಟ್ಟಬ್ಯಾಡ್ರಿ, ಕಲ್ಲು ಬಿದ್ದೀತು ಎಂದು ಕೂಗಿದ. ಹುಡುಗ ಎದ್ದು ಪ್ಯಾಂಟಿನ ಧೂಳು ಝಾಡಿಸಿಕೊಂಡ.